ಕ್ಷ-ಕಿರಣಗಳನ್ನು ಕಂಡ ರಾಂಟ್‌ಜೆನ್

ಆಟದ ಬಯಲಿನಲ್ಲಿ ಬಿದ್ದು ಮುಂಗೈ ಊದಿಸಿಕೊಂಡು ಬಂದ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ಮೊದಲು ಎಕ್ಸ್‌ರೇ ತೆಗೆಸಲು ಹೇಳುತ್ತಾರೆ. ಕರಿಯ ಹಿನ್ನೆಲೆಯ ಮೇಲೆ ಬೆಳ್ಳಗೆ ಮೂಡಿದ ಎಲುಬುಗಳನ್ನು ನೋಡಿ, ಮುರಿದಿದೆಯೋ ಬರಿಯ ಉಳುಕೋ ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಧರಿಸುತ್ತಾರೆ. ಚಿತ್ರ ತೆಗೆಯುವ ಕೋಣೆಯಲ್ಲಿ ಗಮನವಿಟ್ಟು ನೋಡುವ ಹುಡುಗನಿಗೆ ಒಂದು ಸಂಗತಿ ವಿಚಿತ್ರವಾಗಿ ತೋರಬಹುದು. ಯಂತ್ರ ನಡೆಸುವಾತನು ಅವನ ಕೈಯನ್ನು ಹಲಗೆಯ ಮೇಲೆ ಸರಿಯಾಗಿ ಇರಿಸಿ, ಅಲುಗಾಡದಂತೆ ತಿಳಿಸಿ, ತಾನು ಮಾತ್ರ ಗೋಡೆಯ ಮರೆಗೆ ಸರಿದು ಗುಂಡಿಯನ್ನು ಒತ್ತುತ್ತಾನೆ. ಕಿರಣವು ಅಷ್ಟು ಉಪಕಾರಿಯಾದರೆ ಇವನೇಕೆ ಮರೆಯಾಗಬೇಕು? ಅಪಾಯಕಾರಿಯಾದರೆ ಹುಡುಗನನ್ನು ಅದರ ಮುಂದೆ ಏಕೆ ಕುಳ್ಳಿರಿಸಬೇಕು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದುದು ಸುಲಭದಲ್ಲಿ ಅಲ್ಲ. ಅದರ ಕಥೆಯು ಜರ್ಮನಿಯ ಒಬ್ಬ ಮಿತಭಾಷಿ ಪ್ರಾಧ್ಯಾಪಕರ ಬಾಳಿನೊಡನೆ ಹೆಣೆದುಕೊಂಡಿದೆ.

ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್ನರು ಹುಟ್ಟಿದುದು 1845ನೆಯ ಮಾರ್ಚ್ 27ರಂದು, ರೈನ್ ಪ್ರಾಂತದ ಲೆನ್ನೆಪ್ ಎಂಬ ಸಣ್ಣ ಊರಿನಲ್ಲಿ. ತಂದೆ ಬಟ್ಟೆಯ ಉದ್ಯಮಿ. ತಾಯಿಯ ತವರು ಹಾಲೆಂಡಿನ ಆಮ್‌ಸ್ಟರ್‌ಡಾಮ್. ಒಬ್ಬನೇ ಮಗ. ಅವನಿಗೆ ಮೂರು ವರ್ಷವಾಗಿದ್ದಾಗ ಕುಟುಂಬವು ಹಾಲೆಂಡಿನ ಅಪೆಲ್‌ಡೋರ್ನ್ ಎಂಬಲ್ಲಿಗೆ ಬಂದು ನೆಲಸಿತು. ಬಾಲಕ ವಿಲ್ಹೆಲ್ಮ್ ಶಾಲೆಯಲ್ಲಿ ವಿಶೇಷ ಪ್ರತಿಭೆಯನ್ನೇನೂ ತೋರಲಿಲ್ಲ. ಕಾಡುಮೇಡು ಅಲೆಯುವುದು, ಚಿಕ್ಕಪುಟ್ಟ ಯಂತ್ರಗಳನ್ನು ಕೈಯಾರೆ ಮಾಡುವುದು, ಇವೆರಡರಲ್ಲಿ ಮಾತ್ರ ಅವನಿಗೆ ಬಲು ಆಸಕ್ತಿ.

ಹದಿನೇಳನೆಯ ವಯಸ್ಸಿನ ಸುಮಾರಿಗೆ ಅವನು ಉಟ್ರೆಕ್ಟ್ ನಗರದ ತಾಂತ್ರಿಕ ಶಾಲೆಯನ್ನು ಸೇರಿದನು. ಅಲ್ಲಿ ಯಾವನೋ ವಿದ್ಯಾರ್ಥಿ ಉಪಾಧ್ಯಾಯರೊಬ್ಬರ ವಿಕಟಚಿತ್ರವನ್ನು ಬರೆದನು. ಅಪವಾದ ಬಂದುದು ವಿಲ್ಹೆಲ್ಮನ ಮೇಲೆ. ಚಿತ್ರ ಬರೆದವನ ಹೆಸರು ಹೇಳೆಂದು ಕೇಳಿದಾಗ ಅವನು ಬಾಯಿ ಬಿಡಲಿಲ್ಲ. ಶಾಲೆಯಿಂದ ಅವನನ್ನು ಹೊರಹಾಕಿದರು. ಶಾಲಾ ಜೀವನದಲ್ಲಿ ಇಂತಹ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ, ಬೇಗನೆ ಮರೆತೂ ಹೋಗುತ್ತವೆ. ಆದರೆ ಇದು ಮರೆಯಾಗಲಿಲ್ಲ. ಶಾಲೆಯ ಪ್ರಮಾಣಪತ್ರವಿಲ್ಲದವನಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ ಪಾಠಗಳಿಗೆ ಕಿವಿಗೊಡಲು ಅವಕಾಶ ದೊರೆಯಿತೇ ಹೊರತು ಪದವಿಯ ಆಸೆ ಇರಲಿಲ್ಲ. ಆ ವೇಳೆಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಾಲಿಟೆಕ್ನಿಕ್ಕಿನಲ್ಲಿ ಪ್ರಮಾಣಪತ್ರವಿಲ್ಲದವರನ್ನೂ ಪರೀಕ್ಷಿಸಿ ಸೇರಿಸಿಕೊಳ್ಳುವರೆಂಬ ಸುದ್ದಿ ತಿಳಿದು, 1865ರಲ್ಲಿ ಅಲ್ಲಿಗೆ ಹೋಗಿ ಯಂತ್ರಶಿಲ್ಪವನ್ನು ಓದತೊಡಗಿದನು.

ಜ್ಯೂರಿಕ್ ನಗರವು ಅವರಿಗೆ ಎರಡು ಲಾಭಗಳನ್ನು ತಂದಿತು. ಮೊದಲನೆಯದು ಆಗಸ್ಟ್ ಕುಂಟ್ ಎಂಬ ಭೌತವಿಜ್ಞಾನಿಯ ಶಿಷ್ಯತ್ವ. 1869ರಲ್ಲಿ ಡಾಕ್ಟರೇಟ್ ಪಡೆದ ರಾಂಟ್‌ಜೆನ್ನರನ್ನು ಕುಂಟರು ತಮ್ಮ ಸಹಾಯಕರನ್ನಾಗಿ ಮಾಡಿಕೊಂಡು ತಾವು ಹೋದಲ್ಲಿಗೆಲ್ಲ ಕರೆದೊಯ್ದರು. ಎರಡನೆಯದು ಅನ್ನಾ ಬರ್ಥಾ ಲುಡ್ವಿಗ್ ಅವರ ಪರಿಚಯ. ಆಕೆಯ ತಂದೆ ಆ ಊರಿನಲ್ಲಿ ಒಂದು ಉಪಾಹಾರ ಗೃಹವನ್ನು ನಡೆಸುತ್ತಿದ್ದರು. 1872ರಲ್ಲಿ ಅವರ ವಿವಾಹವಾಯಿತು. ದಂಪತಿಗಳಿಗೆ ಮಕ್ಕಳಾಗಲಿಲ್ಲ, ಬರ್ಥಾ ಅವರ ಸೋದರನ ಮಗಳನ್ನು ತಮ್ಮ ಮಗಳೆಂದೇ ಸಾಕಿಕೊಂಡರು.

ಕುಂಟರೊಡನೆ ವುರ್ಟ್ಸ್‌ಬರ್ಗ್ ನಗರಕ್ಕೆ ಬಂದಾಗ ಹಳೆಯ ಪ್ರಮಾಣಪತ್ರದ ಕೊರತೆ ಮತ್ತೆ ಅಡ್ಡ ಬಂತು. ಅಲ್ಲಿನ ವಿಶ್ವವಿದ್ಯಾನಿಲಯವು ಬೋಧಿಸುವ ಅಧಿಕಾರವನ್ನು ಕೊಡಲು ಒಪ್ಪಲಿಲ್ಲ. ಸ್ಟ್ರಾಸ್‌ಬರ್ಗ್, ಹೋಹೆನ್‌ಹೈಮ್, ಗೀಸೆನ್ ಎಂದು ಊರೂರು ಸುತ್ತಿ ಹೆಸರು ಗಳಿಸಿದ ಮೇಲೆ, 1888ರಲ್ಲಿ ಅದೇ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯವು ಅವರನ್ನು ಭೌತವಿಜ್ಞಾನದ ಪ್ರಾಧ್ಯಾಪಕರನ್ನಾಗಿ ಕರೆಯಿತು. 1894ರಲ್ಲಿ ತನ್ನ ಮುಖ್ಯಸ್ಥರನ್ನಾಗಿಯೇ ಆರಿಸಿತು.

ಅವರ ಶೋಧವನ್ನು ತಿಳಿಯಬೇಕಾದರೆ ಆ ಕಾಲದ ವಿಜ್ಞಾನದ ಸ್ಥಿತಿಯನ್ನು ಸ್ವಲ್ಪ ಅರಿಯಬೇಕು. ಬೆಳಕೆಂಬುದು ವಿದ್ಯುತ್ತು ಮತ್ತು ಕಾಂತಶಕ್ತಿಗಳ ಜೋಡಿ ಅಲೆಯೆಂದು ಇಂಗ್ಲೆಂಡಿನಲ್ಲಿ ಮ್ಯಾಕ್ಸ್‌ವೆಲ್ಲರು 1865ರಲ್ಲಿ ಗಣಿತದಿಂದ ಸಾಧಿಸಿದ್ದರು. ಕಣ್ಣಿಗೆ ಕಾಣದ ಅಂತಹ ಅಲೆಗಳನ್ನು ಕಿಡಿ ಹಾರಿಸಿ ಎಬ್ಬಿಸಬಹುದೆಂದು ಜರ್ಮನಿಯ ಹೈನ್ರಿಕ್ ಹರ್ಟ್ಸ್ ಅವರು 1888ರ ಹೊತ್ತಿಗೆ ಪ್ರಯೋಗಮುಖದಿಂದ ತೋರಿಸಿದರು. ಇವೇ ಇಂದು ನಾವು ರೇಡಿಯೋ ಅಲೆಗಳೆಂದು ಕರೆಯುವುವು. ಮತ್ತೊಂದು ಕಡೆ, ಗಾಳಿಯನ್ನು ಬಹುಮಟ್ಟಿಗೆ ಹೀರಿ ತೆಗೆದ ಗಾಜಿನ ನಳಿಕೆಯೊಳಗೆ ಪ್ರಬಲ ವಿದ್ಯುತ್ತನ್ನು ಹಾಯಿಸಿದರೆ ಹೊಮ್ಮುವ ಕ್ಯಾಥೋಡ್ ಕಿರಣಗಳ ವಿಷಯದಲ್ಲಿ ಯೂರೋಪಿನ ವಿಜ್ಞಾನಿಗಳೆಲ್ಲ ಕುತೂಹಲಿಗಳಾಗಿದ್ದರು. ರಾಂಟ್‌ಜೆನ್ನರೂ ಆ ನಳಿಕೆಗಳನ್ನು ಹಿಡಿದು ಕುಳಿತರು.

1895ನೆಯ ನವೆಂಬರ್ 8, ಶುಕ್ರವಾರ. ಸಂಜೆಯ ಹೊತ್ತಿನಲ್ಲಿ ಅವರೊಬ್ಬರೇ ಪ್ರಯೋಗಶಾಲೆಯಲ್ಲಿದ್ದರು. ನಳಿಕೆಯ ಬೆಳಕು ಸ್ವಲ್ಪವೂ ಹೊರಬೀಳದಂತೆ ಕರಿಯ ರಟ್ಟಿನಿಂದ ಅದನ್ನು ಮುಚ್ಚಿ, ಕೋಣೆಯನ್ನು ಕತ್ತಲೆ ಮಾಡಿ ವಿದ್ಯುತ್ತನ್ನು ಹಾಯಿಸಿದರು. ಸಮೀಪದಲ್ಲಿ ಬೇರಿಯಂ ಪ್ಲಾಟಿನೋಸಯನೈಡ್ ಎಂಬ ಲವಣವನ್ನು ಬಳಿದ ಒಂದು ಕಾಗದದ ತೆರೆ ಇತ್ತು. ಕತ್ತಲೆಯಲ್ಲಿ ಅದು ಮಿನುಗಿತು! ವಿದ್ಯುತ್ತನ್ನು ನಿಲ್ಲಿಸಿದರೆ ನಂದಿತು, ಹಾಯಿಸಿದರೆ ಮತ್ತೆ ಹೊಳೆಯಿತು. ಎರಡು ಮೀಟರ್ ದೂರಕ್ಕೆ ಸರಿಸಿದರೂ ಹೊಳೆಯಿತು. ಕ್ಯಾಥೋಡ್ ಕಿರಣಗಳು ಗಾಳಿಯಲ್ಲಿ ಕೆಲವೇ ಸೆಂಟಿಮೀಟರುಗಳಿಗಿಂತ ಮುಂದೆ ಹೋಗಲಾರವೆಂಬುದು ಆಗಲೇ ತಿಳಿದಿದ್ದ ಸಂಗತಿ. ಹಾಗಾದರೆ ರಟ್ಟನ್ನು ಭೇದಿಸಿ ಅಲ್ಲಿಯವರೆಗೆ ಬಂದುದು ಯಾವುದು?

ಬೇರೊಬ್ಬರಾಗಿದ್ದರೆ ಮರುದಿನವೇ ಊರೆಲ್ಲ ಸಾರುತ್ತಿದ್ದರೋ ಏನೋ. ರಾಂಟ್‌ಜೆನ್ನರು ಏಳು ವಾರ ಯಾರಿಗೂ ಸುಳಿವು ಕೊಡಲಿಲ್ಲ. ಊಟವನ್ನೂ ನಿದ್ರೆಯನ್ನೂ ಪ್ರಯೋಗಶಾಲೆಯಲ್ಲೇ ಪೂರೈಸಿಕೊಂಡು, ಕಂಡುದು ಕಣ್ಣಿನ ಭ್ರಮೆಯಲ್ಲವೆಂದು ದೃಢಪಡಿಸಿಕೊಳ್ಳಲು ಒಂದಾದ ಮೇಲೊಂದು ವಸ್ತುವನ್ನು ಅಡ್ಡ ಹಿಡಿದು ನೋಡಿದರು. ಸಾವಿರ ಪುಟಗಳ ಪುಸ್ತಕದ ಹಿಂದೆಯೂ ತೆರೆ ಬೆಳಗಿತು. ಮರದ ದಿಮ್ಮಿ ಅಡ್ಡಿಯಾಗಲಿಲ್ಲ. ಒಂದೂವರೆ ಮಿಲಿಮೀಟರ್ ದಪ್ಪದ ಸೀಸದ ತಗಡು ಮಾತ್ರ ಕಿರಣಗಳನ್ನು ಬಹುತೇಕ ತಡೆದುಬಿಟ್ಟಿತು. ಪಟ್ಟಕದಲ್ಲಿ ಅವು ಬಾಗಲಿಲ್ಲ, ಅಯಸ್ಕಾಂತಕ್ಕೆ ಮಣಿಯಲಿಲ್ಲ, ಛಾಯಾಚಿತ್ರದ ಫಲಕವನ್ನು ಮಾತ್ರ ಕಪ್ಪಾಗಿಸಿದುವು. ತಮ್ಮ ಕೈಯನ್ನೇ ಅಡ್ಡ ಹಿಡಿದಾಗ ತೆರೆಯ ಮೇಲೆ ಮಾಂಸದ ತೆಳು ನೆರಳಿನೊಳಗೆ ಎಲುಬುಗಳ ಕಡುನೆರಳು ಮೂಡಿತು. ಬದುಕಿರುವ ಮನುಷ್ಯನೊಬ್ಬನು ತನ್ನ ಅಸ್ಥಿಯನ್ನು ಹೀಗೆ ಕಂಡುದು ಅದೇ ಮೊದಲು.

ಡಿಸೆಂಬರ್ 22ರಂದು ಅವರು ಪತ್ನಿಯನ್ನು ಪ್ರಯೋಗಶಾಲೆಗೆ ಕರೆದು, ಫಲಕದ ಮೇಲೆ ಕೈಯಿರಿಸಲು ಹೇಳಿ, ಸುಮಾರು ಹದಿನೈದು ನಿಮಿಷಗಳ ಕಾಲ ಕಿರಣಗಳನ್ನು ಹಾಯಿಸಿದರು. ಬೆರಳಿನ ಎಲುಬುಗಳೂ ಅದರ ಮೇಲೆ ಕರಿಯ ಗುಂಡಿನಂತೆ ಉಂಗುರವೂ ಚಿತ್ರದಲ್ಲಿ ಕಂಡುವು. ತನ್ನ ಸಾವನ್ನೇ ಮುಂಚಿತವಾಗಿ ಕಂಡಂತೆ ಬರ್ಥಾ ನಡುಗಿದರೆಂದು ಹೇಳುತ್ತಾರೆ. ಇಂದಾದರೆ ಅಂತಹ ಚಿತ್ರಕ್ಕೆ ಒಂದು ಸೆಕೆಂಡಿನ ಅಲ್ಪ ಭಾಗ ಸಾಕು. ಹದಿನೈದು ನಿಮಿಷ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಡಿಸೆಂಬರ್ 28ರಂದು ರಾಂಟ್‌ಜೆನ್ನರು ವುರ್ಟ್ಸ್‌ಬರ್ಗಿನ ಭೌತ-ವೈದ್ಯಕೀಯ ಸಂಘಕ್ಕೆ ತಮ್ಮ ಚಿಕ್ಕ ಲೇಖನವನ್ನು ಒಪ್ಪಿಸಿದರು. ಬೀಜಗಣಿತದಲ್ಲಿ ತಿಳಿಯದ ಮೊತ್ತವನ್ನು ಎಕ್ಸ್ ಎನ್ನುವಂತೆ, ಸ್ವರೂಪ ತಿಳಿಯದ ಈ ಕಿರಣಗಳಿಗೂ ಆ ಹೆಸರನ್ನೇ ಇಟ್ಟರು. ನಮ್ಮ ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ವರ್ಣಮಾಲೆಯ ತುದಿಯ ಆ ಅಕ್ಷರ ಅಜ್ಞಾತ ವಸ್ತುವಿಗೆ ಚೆನ್ನಾಗಿಯೇ ಒಪ್ಪುತ್ತದೆ. ಜರ್ಮನರು ಮಾತ್ರ ಇಂದಿಗೂ ರಾಂಟ್‌ಜೆನ್ ಕಿರಣವೆಂದೇ ಕರೆಯುತ್ತಾರೆ. 1896ರ ಹೊಸ ವರ್ಷದ ದಿನ ಅವರು ಲೇಖನದ ಪ್ರತಿಗಳನ್ನೂ ಚಿತ್ರಗಳನ್ನೂ ಪರಿಚಿತ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ನಾಲ್ಕೇ ದಿನಗಳಲ್ಲಿ ವಿಯೆನ್ನಾದ ಪತ್ರಿಕೆಯೊಂದು ಸುದ್ದಿಯನ್ನು ಹೊರಗೆಡಹಿತು. ಜನವರಿ 13ರಂದು ಬರ್ಲಿನ್ನಿನಲ್ಲಿ ಚಕ್ರವರ್ತಿಯ ಮುಂದೆ, 23ರಂದು ವುರ್ಟ್ಸ್‌ಬರ್ಗಿನ ಸಭೆಯ ಮುಂದೆ ಅವರು ಪ್ರಯೋಗಗಳನ್ನು ಮಾಡಿ ತೋರಿಸಿದರು. ಆ ಸಭೆಯಲ್ಲಿ ವೃದ್ಧ ಅಂಗರಚನಾಶಾಸ್ತ್ರಜ್ಞ ಕೋಲಿಕರ್ ಅವರ ಕೈಯ ಚಿತ್ರವನ್ನು ತೆಗೆದಾಗ ಜಯಘೋಷವೇ ಎದ್ದಿತು.

ಬರ್ಲಿನ್ನಿನ ಉದ್ಯಮಿಗಳು ಹಣದ ಥೈಲಿಯೊಡನೆ ಮುಂದೆ ಬಂದರು. ರಾಂಟ್‌ಜೆನ್ನರು ಹಕ್ಕುಪತ್ರವನ್ನು ಪಡೆಯಲು ಒಪ್ಪಲಿಲ್ಲ. ಶೋಧವು ಎಲ್ಲರಿಗೂ ಸೇರಿದುದು ಎಂಬುದು ಅವರ ನಿಲುವು. ಹೆಸರಿಗೆ ಮುಂಚೆ ಕುಲೀನತೆಯ ಬಿರುದನ್ನು ಸೇರಿಸಿಕೊಳ್ಳುವ ಸದವಕಾಶವನ್ನೂ ಬೇಡವೆಂದರು. 1901ರಲ್ಲಿ ಭೌತವಿಜ್ಞಾನದ ಪ್ರಪ್ರಥಮ ನೊಬೆಲ್ ಬಹುಮಾನ ಅವರದಾಯಿತು. ಸ್ಟಾಕ್‌ಹೋಮಿಗೆ ಹೋಗಿ ಬಹುಮಾನವನ್ನು ಸ್ವೀಕರಿಸಿದರು, ಉಪನ್ಯಾಸವನ್ನು ಮಾತ್ರ ಕೊಡಲಿಲ್ಲ. ಹಣವನ್ನು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು.

ಹಕ್ಕಿನ ತಡೆಯಿಲ್ಲದ ಕಾರಣ ಆ ಕಿರಣಗಳು ಕಾಳ್ಗಿಚ್ಚಿನಂತೆ ಹರಡಿದುವು. 1896ರ ಒಂದೇ ವರ್ಷದಲ್ಲಿ ಅವುಗಳ ಮೇಲೆ ಸಾವಿರಕ್ಕೂ ಮಿಕ್ಕ ಲೇಖನಗಳು ಹೊರಬಂದುವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಹಾಲ್-ಎಡ್ವರ್ಡ್ಸ್ ಎಂಬ ವೈದ್ಯರು ಆ ಜನವರಿಯಲ್ಲೇ ಕೈಯಲ್ಲಿ ಮುರಿದು ಹೂತುಕೊಂಡಿದ್ದ ಸೂಜಿಯನ್ನು ಚಿತ್ರದಲ್ಲಿ ಹಿಡಿದರು. ಫೆಬ್ರವರಿ 3ರಂದು ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ, ಹಿಮದ ಮೇಲೆ ಜಾರಿ ಬಿದ್ದ ಬಾಲಕನೊಬ್ಬನ ಮುರಿದ ಮಣಿಕಟ್ಟಿನ ಚಿತ್ರವನ್ನು ತೆಗೆದರು. ಭಾರತದ ವಾಯವ್ಯ ಗಡಿಯಲ್ಲಿ 1897-98ರ ತಿರಾಹ್ ಯುದ್ಧದ ವೇಳೆ ಗಾಯಾಳು ಸೈನಿಕರ ದೇಹದಲ್ಲಿ ಹೊಕ್ಕ ಗುಂಡುಗಳನ್ನು ಹುಡುಕಲು ಸೇನಾ ವೈದ್ಯರು ಈ ಯಂತ್ರವನ್ನು ಬಳಸಿದರು. ಮೊದಲಾದರೆ ಗುಂಡು ಎಲ್ಲಿದೆಯೆಂದು ತಿಳಿಯಲು ಗಾಯದೊಳಗೆ ಸಲಾಕಿ ಹಾಕಿ ಕೆದಕಬೇಕಾಗಿತ್ತು. ಆ ಯಾತನೆಯನ್ನು ನೆನೆದರೆ ಈ ಉಪಕಾರದ ಬೆಲೆ ತಿಳಿದೀತು.

ಆದರೆ ಈ ಕಿರಣಗಳಿಗೊಂದು ಕಪಟವಿದೆ. ಬೆಂಕಿಯನ್ನು ಮುಟ್ಟಿದರೆ ಕೂಡಲೆ ಸುಡುತ್ತದೆ, ಕೈ ತಾನಾಗಿ ಹಿಂದೆ ಸರಿಯುತ್ತದೆ. ಕ್ಷ-ಕಿರಣ ಬಿದ್ದಾಗ ಏನೂ ಅನ್ನಿಸುವುದಿಲ್ಲ. ಚರ್ಮ ಕೆಂಪಾಗುವುದು, ಕೂದಲು ಉದುರುವುದು ದಿನಗಳೋ ವಾರಗಳೋ ಕಳೆದ ಮೇಲೆ. ಹುಣ್ಣು ಅರ್ಬುದವಾಗುವುದು ವರ್ಷಗಳ ಮೇಲೆ. ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ಆಗಿನವರು ಪ್ರತಿ ಸಲವೂ ತಮ್ಮ ಕೈಯನ್ನೇ ಅದರ ಮುಂದೆ ಹಿಡಿಯುತ್ತಿದ್ದರು. ಸೂಜಿಯನ್ನು ಕಂಡುಹಿಡಿದ ಆ ಹಾಲ್-ಎಡ್ವರ್ಡ್ಸ್ ಅವರ ಎಡಗೈಯನ್ನು 1908ರಲ್ಲಿ ಕತ್ತರಿಸಬೇಕಾಯಿತು. ಬಲಗೈಯ ಬೆರಳುಗಳೂ ಹೋದುವು. ಎಡಿಸನ್ನರ ಸಹಾಯಕನಾಗಿ ನಳಿಕೆಗಳನ್ನು ಪರೀಕ್ಷಿಸುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ಎರಡು ತೋಳುಗಳನ್ನೂ ಕಳೆದುಕೊಂಡು 1904ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಎಡಿಸನ್ನರು ಬೆದರಿ ಆ ಕೆಲಸವನ್ನೇ ಕೈಬಿಟ್ಟರು. ಹ್ಯಾಂಬರ್ಗಿನ ಆಸ್ಪತ್ರೆಯೊಂದರ ತೋಟದಲ್ಲಿ 1936ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು. ಈ ಕಿರಣಗಳಿಂದಲೂ ರೇಡಿಯಂನಿಂದಲೂ ಪ್ರಾಣ ಕಳೆದುಕೊಂಡ ನಾನಾ ದೇಶಗಳ ವೈದ್ಯರು, ವಿಜ್ಞಾನಿಗಳು, ದಾದಿಯರು ಮೊದಲಾದವರ 169 ಹೆಸರುಗಳು ಅದರ ಮೇಲಿದ್ದುವು. ಮುಂದೆ ಇನ್ನೂ ಹಲವು ಹೆಸರುಗಳನ್ನು ಸೇರಿಸಬೇಕಾಯಿತು.

ರಾಂಟ್‌ಜೆನ್ನರಿಗೆ ಏಕೆ ಏನೂ ಆಗಲಿಲ್ಲ? ಅಪಾಯವನ್ನು ಅವರೇನೂ ಮುಂಗಂಡಿರಲಿಲ್ಲ. ಆದರೆ ತಮ್ಮ ವೀಕ್ಷಣೆಯಲ್ಲಿ ಎಳ್ಳಷ್ಟೂ ತಪ್ಪಿರಬಾರದೆಂಬ ಹಟದಿಂದ, ಒಬ್ಬರು ಒಳಗೆ ನಿಲ್ಲಬಹುದಾದಷ್ಟು ದೊಡ್ಡದಾದ ಸತುವಿನ ತಗಡಿನ ಪೆಟ್ಟಿಗೆಯೊಂದನ್ನು ಕಟ್ಟಿಸಿ, ನಳಿಕೆಯ ಕಡೆಯ ಗೋಡೆಗೆ ಸೀಸವನ್ನು ಹೊದಿಸಿದ್ದರು. ನಳಿಕೆ ಹೊರಗೆ, ತಾವು ಒಳಗೆ. ಛಾಯಾಫಲಕಗಳು ಕೆಡದಿರಲೆಂದು, ಕತ್ತಲೆ ಪೂರ್ಣವಾಗಿರಲೆಂದು ಮಾಡಿದ ಏರ್ಪಾಡು ಅದು. ಅದೇ ಅವರ ದೇಹಕ್ಕೂ ಕವಚವಾಯಿತು. ಇದನ್ನು ಅದೃಷ್ಟವೆಂದು ಹೇಳುವವರುಂಟು. ಅಚ್ಚುಕಟ್ಟುತನದ ಫಲವೆಂದು ನನಗೆ ತೋರುತ್ತದೆ. ಅಲ್ಲದೆ, ಕಿರಣಗಳ ಮೇಲೆ ಮೂರೇ ಲೇಖನಗಳನ್ನು ಬರೆದು 1897ರ ಮೇಲೆ ಅವರು ಬೇರೆ ಸಂಶೋಧನೆಗಳತ್ತ ತಿರುಗಿದರು. ಫಿಲಿಪ್ ಲೆನಾರ್ಡ್ ಎಂಬ ವಿಜ್ಞಾನಿ ಶೋಧದ ಕೀರ್ತಿ ತನಗೂ ಸಲ್ಲಬೇಕೆಂದು ಕೊನೆಯವರೆಗೂ ಕಹಿಯನ್ನು ಕಾರುತ್ತಿದ್ದುದು ಅವರ ಮನಸ್ಸನ್ನು ನೋಯಿಸಿರಲೂಬಹುದು.

ಕ್ಷ ಎಂಬುದು ಏನೆಂದು ತಿಳಿದುದು 1912ರಲ್ಲಿ. ಈಥರಿನಲ್ಲಿ ಹಿಂದುಮುಂದಾಗಿ ಅಲುಗುವ ಕಂಪನಗಳಿರಬಹುದೆಂಬ ರಾಂಟ್‌ಜೆನ್ನರ ಮೊದಲ ಊಹೆ ತಪ್ಪಾಗಿತ್ತು. 1900ರಿಂದ ಅವರು ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಅದೇ ವಿಶ್ವವಿದ್ಯಾನಿಲಯದ ಮಾಕ್ಸ್ ಫಾನ್ ಲೌವೆ ಅವರ ಸೂಚನೆಯಂತೆ, ರಾಂಟ್‌ಜೆನ್ನರ ಬಳಿಯೇ ಕಲಿತ ಫ್ರೀಡ್ರಿಕ್ ಮತ್ತು ನಿಪ್ಪಿಂಗ್ ಎಂಬ ತರುಣರು ಹರಳೊಂದರ ಮೂಲಕ ಕಿರಣಗಳನ್ನು ಹಾಯಿಸಿದರು. ಫಲಕದ ಮೇಲೆ ಚುಕ್ಕೆಗಳ ರಂಗವಲ್ಲಿ ಮೂಡಿತು. ಅಲೆಗಳಿಂದಲ್ಲದೆ ಅಂತಹ ವಿನ್ಯಾಸ ಮೂಡದು. ಮ್ಯಾಕ್ಸ್‌ವೆಲ್, ಹರ್ಟ್ಸ್ ಇವರ ಅಲೆಗಳ ಕುಲಕ್ಕೆ ಕ್ಷ-ಕಿರಣವೂ ಸೇರಿತು.

ಈ ಕುಲದ ಎಲ್ಲ ಸದಸ್ಯರೂ ಬರಿದಾದ ಆಕಾಶದಲ್ಲಿ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುತ್ತಾರೆ. ಭೇದವಿರುವುದು ಅಲೆಯ ಉದ್ದದಲ್ಲಿ. ಆಕಾಶವಾಣಿಯ ಮಧ್ಯಮ ತರಂಗಗಳ ಉದ್ದ ನೂರಾರು ಮೀಟರ್. ಅಡಿಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಸುಮಾರು 12 ಸೆಂಟಿಮೀಟರ್. ದೂರದರ್ಶನ ಪೆಟ್ಟಿಗೆಯ ರಿಮೋಟಿನಿಂದ ಹೊರಡುವ ಅವಕೆಂಪು ಕಿರಣದ ಅಲೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಕಣ್ಣಿಗೆ ಕಾಣುವ ಬೆಳಕಿನದು ಅದಕ್ಕೂ ಗಿಡ್ಡ. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ಕ್ಷ-ಕಿರಣದ ಅಲೆ. ಅಲೆ ಗಿಡ್ಡವಾದಷ್ಟೂ ಅದು ಹೊತ್ತು ತರುವ ಶಕ್ತಿಯ ಒಂದೊಂದು ಪೊಟ್ಟಣವೂ ದೊಡ್ಡದು. ಕ್ಷ-ಕಿರಣದ ಪೊಟ್ಟಣವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯಬಲ್ಲದು, ಜೀವಕೋಶದೊಳಗಿನ ವಂಶವಾಹಿಯ ಎಳೆಯನ್ನು ತುಂಡರಿಸಬಲ್ಲದು. ಹಾಲ್-ಎಡ್ವರ್ಡ್ಸ್ ಅವರ ಕೈಯನ್ನು ತಿಂದುದು ಇದೇ. ಅರ್ಬುದ ರೋಗದ ಗಡ್ಡೆಯನ್ನು ಸುಟ್ಟು ರೋಗಿಯನ್ನು ಉಳಿಸುವುದೂ ಇದೇ. ಬಿಸಿಲಿನ ಅತಿನೇರಳೆ ಕಿರಣಕ್ಕೂ ವಂಶವಾಹಿಯನ್ನು ಕೆಡಿಸುವ ಗುಣ ಕೊಂಚಮಟ್ಟಿಗೆ ಉಂಟು. ಮೈಕ್ರೋವೇವ್ ಒಲೆಯ ಮತ್ತು ಮೊಬೈಲ್ ಫೋನಿನ ಅಲೆಗಳಿಗೆ ಆ ಬಲವಿಲ್ಲ. ಅವು ಹೆಚ್ಚೆಂದರೆ ಬಿಸಿಮಾಡಬಲ್ಲುವು. ಒಲೆಯ ಬಾಗಿಲನ್ನು ತೆರೆದೊಡನೆ ಅದು ತಾನಾಗಿ ನಿಲ್ಲುವಂತೆ ಮಾಡಿರುವುದು ಆ ಕಾರಣದಿಂದಲೇ. ಮೊಬೈಲಿನ ಅಲೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2011ರಲ್ಲಿ ಅರ್ಬುದಕ್ಕೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ಸಾಧ್ಯತೆಯನ್ನು ತಳ್ಳಿಹಾಕಲಾಗದೆಂಬುದು ಅದರ ಅರ್ಥವೇ ಹೊರತು ಹಾನಿ ಸಿದ್ಧವಾಯಿತೆಂದಲ್ಲ.

ಸೋಜಿಗವೆಂದರೆ, ಅಷ್ಟು ಜನ ಕೈಕಾಲು ಕಳೆದುಕೊಂಡ ಮೇಲೂ ಅಮೆರಿಕ, ಇಂಗ್ಲೆಂಡುಗಳ ಪಾದರಕ್ಷೆಯ ಅಂಗಡಿಗಳಲ್ಲಿ ಕ್ಷ-ಕಿರಣದ ಪೆಟ್ಟಿಗೆಗಳನ್ನು ಇಟ್ಟಿದ್ದರು. ಹೊಸ ಬೂಟು ಸರಿಹೋಗುವುದೇ ಎಂದು ನೋಡಲು ಮಕ್ಕಳು ಅದರೊಳಗೆ ಕಾಲಿಟ್ಟು ತಮ್ಮ ಕಾಲ್ಬೆರಳುಗಳ ಎಲುಬುಗಳನ್ನು ನೋಡಿ ನಗುತ್ತಿದ್ದರು. 1957ರಲ್ಲಿ ಪೆನ್ಸಿಲ್ವೇನಿಯ ರಾಜ್ಯವು ಮೊದಲು ಇದನ್ನು ನಿಷೇಧಿಸಿತು. ಗರ್ಭಿಣಿಯರ ಎಕ್ಸ್‌ರೇ ತೆಗೆಯುವುದರಿಂದ ಹುಟ್ಟುವ ಮಗುವಿಗೆ ರಕ್ತದ ಅರ್ಬುದದ ಭಯ ಹೆಚ್ಚುವುದೆಂದು ಆಕ್ಸ್‌ಫರ್ಡಿನ ಆಲಿಸ್ ಸ್ಟುವರ್ಟ್ ಎಂಬ ವೈದ್ಯೆ 1956ರಿಂದ 1958ರ ಅವಧಿಯಲ್ಲಿ ಅಂಕೆಸಂಖ್ಯೆಗಳೊಡನೆ ತೋರಿಸಿದಾಗ ಅನೇಕ ವೈದ್ಯರೇ ಅದನ್ನು ನಂಬಲು ಸಿದ್ಧರಿರಲಿಲ್ಲ.

ಇಂದು ಎದೆಯ ಒಂದು ಸಾಮಾನ್ಯ ಚಿತ್ರದಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 0.1 ಮಿಲಿಸೀವರ್ಟ್, ಅದಕ್ಕಿಂತ ಕಡಿಮೆಯೂ ಇರಬಹುದು. ನೆಲದಿಂದ, ಗಾಳಿಯಿಂದ, ಆಕಾಶದಿಂದ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟು ಹೇಗೂ ತಗಲುತ್ತಲೇ ಇರುತ್ತದೆ. ಸಿ.ಟಿ. ಸ್ಕ್ಯಾನ್ ಎಂಬ ಪರೀಕ್ಷೆಯಲ್ಲಿ ಪ್ರಮಾಣ ಹಲವು ಹತ್ತು ಪಟ್ಟು ಹೆಚ್ಚುವುದರಿಂದ ಅದನ್ನು ಅವಶ್ಯವಿದ್ದಾಗ ಮಾತ್ರ ಮಾಡಿಸಬೇಕು. ಕೈ ಮುರಿದ ಹುಡುಗನು ಆ ಯಂತ್ರದ ಮುಂದೆ ಕುಳ್ಳಿರುವುದು ವರ್ಷದಲ್ಲೋ ಬಾಳಿನಲ್ಲೋ ಒಂದೆರಡು ಸಲ. ಅವನಿಗೆ ಆಗುವ ಪ್ರಯೋಜನದ ಮುಂದೆ ಅಪಾಯ ಅತ್ಯಲ್ಪ. ಯಂತ್ರ ನಡೆಸುವಾತನಾದರೋ ದಿನಕ್ಕೆ ಹತ್ತಾರು ಸಲ, ವರ್ಷಾನುವರ್ಷ ಅದರ ಬಳಿಯಲ್ಲಿರುವವನು. ಆದುದರಿಂದ ಅವನು ಮರೆಗೆ ಸರಿಯುತ್ತಾನೆ. ಅವನ ಎದೆಯ ಮೇಲಿನ ಚಿಕ್ಕ ಬಿಲ್ಲೆಯು ಅವನಿಗೆ ತಗಲಿದ ಕಿರಣದ ಲೆಕ್ಕವನ್ನಿಡುತ್ತದೆ. ಇವೆಲ್ಲದರ ನಿಯಮಗಳನ್ನು ನಮ್ಮ ದೇಶದಲ್ಲಿ ನೋಡಿಕೊಳ್ಳುವ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯು 1983ರಲ್ಲಿ ಸ್ಥಾಪಿತವಾಯಿತು. ಅದರ ಕಚೇರಿ ಇರುವುದು ನಮ್ಮ ಮುಂಬಯಿಯ ಅಣುಶಕ್ತಿನಗರದಲ್ಲಿಯೇ.

ರಾಂಟ್‌ಜೆನ್ನರ ಕೊನೆಯ ದಿನಗಳು ಸುಖದವಲ್ಲ. ದೀರ್ಘಕಾಲ ರೋಗದಿಂದ ನರಳಿದ ಬರ್ಥಾ ಅವರನ್ನು ಸ್ವತಃ ಉಪಚರಿಸಿದರು. ಆಕೆ 1919ರಲ್ಲಿ ತೀರಿಕೊಂಡರು. ಮರುವರ್ಷ ಅವರು ಪ್ರಾಧ್ಯಾಪಕ ಪದವಿಯಿಂದ ನಿವೃತ್ತರಾದರು. ಮಹಾಯುದ್ಧದಲ್ಲಿ ಜರ್ಮನಿ ಸೋತು, ಹಣದ ಬೆಲೆ ಕುಸಿದು, ಉಳಿತಾಯವೆಲ್ಲ ಕರಗಿತು. ಕೋಟ್ಯಂತರ ಸಂಪಾದಿಸಬಹುದಾಗಿದ್ದವರು ಮಿತವ್ಯಯದಲ್ಲಿ ದಿನ ಕಳೆದರು. 1923ನೆಯ ಫೆಬ್ರವರಿ 10ರಂದು ಮ್ಯೂನಿಕ್ಕಿನಲ್ಲಿ ಕರುಳಿನ ಅರ್ಬುದದಿಂದ ಮರಣ ಹೊಂದಿದರು. ಅವರು ಕಿರಣಗಳೊಡನೆ ಕಳೆದ ಕಾಲ ಅಲ್ಪವಾದುದರಿಂದಲೂ, ಸೀಸದ ಮರೆಯಿದ್ದುದರಿಂದಲೂ, ಆ ರೋಗಕ್ಕೆ ಕ್ಷ-ಕಿರಣಗಳು ಕಾರಣವಲ್ಲವೆಂದೇ ಬಲ್ಲವರ ಅಭಿಪ್ರಾಯ. ಗೀಸೆನ್ ನಗರದ ಹಳೆಯ ಸ್ಮಶಾನದಲ್ಲಿ, ತಂದೆತಾಯಿಗಳ ಮತ್ತು ಪತ್ನಿಯ ಪಕ್ಕದಲ್ಲಿ ಅವರ ಅಸ್ಥಿಗಳಿವೆ.

ಶಾಲೆಯಲ್ಲಿ ಗೆಳೆಯನ ಹೆಸರನ್ನು ಹೇಳದಿದ್ದ ಆ ಮೌನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ತಮ್ಮ ಪ್ರಯೋಗಗಳ ಟಿಪ್ಪಣಿಗಳನ್ನೂ ಪತ್ರಗಳನ್ನೂ ತಾವು ಸತ್ತ ಮೇಲೆ ಸುಟ್ಟುಹಾಕಬೇಕೆಂದು ಅವರು ಬರೆದಿಟ್ಟಿದ್ದರು, ಅದರಂತೆಯೇ ಸುಟ್ಟರು. ಆದುದರಿಂದ ಆ ಏಳು ವಾರಗಳಲ್ಲಿ ದಿನದಿನವೂ ಏನು ನಡೆಯಿತೆಂಬುದು ಇಂದು ಯಾರಿಗೂ ಪೂರ್ತಿಯಾಗಿ ತಿಳಿಯದು. 1896ರ ಹೊಸ ವರ್ಷದಂದು ಅಂಚೆಯಲ್ಲಿ ಕಳುಹಿಸಿದ ಚಿತ್ರಗಳು ಮಾತ್ರ ಬೇರೆಯವರ ಬಳಿ ಇದ್ದುದರಿಂದ ಉಳಿದುವು. ಅವುಗಳಲ್ಲಿ ಬರ್ಥಾ ಅವರ ಕೈಯೂ ಉಂಗುರವೂ ಇವೆ.